ಹತ್ತು ಮೀಟರ್ ಬಾಲದ ಹುಂಜ: ವಿಡಿಯೋ ನಿಜವೇ? ಮರಿ ಕೊಂಡರೆ ಆ ಬಾಲ ಬರುತ್ತದೆಯೇ?

ಎತ್ತರದ ಕೋಲಿನ ಮೇಲೆ ಹುಂಜ. ಅದರ ಬಾಲ ಸೀರೆಯ ಸೆರಗಿನಂತೆ ನೆಲದವರೆಗೆ ಇಳಿದಿದೆ. ಇಂಥ ವಿಡಿಯೋ ವಾಟ್ಸಾಪ್‌ನಲ್ಲಿ ಬಂದಾಗ ಗ್ರಾಫಿಕ್ಸ್ ಎನ್ನಿಸುವುದು ಸಹಜ. ಜೊತೆಗೆ ‘ಮರಿ ಸಿಗುತ್ತದೆ, ನೀವೂ ಸಾಕಿ’ ಎಂದಿದ್ದರೆ, ಹಣ ಕಳಿಸುವ ಮುನ್ನ ಇದನ್ನು ಓದಿ.

ಇಂಥ ಕೋಳಿ ನಿಜಕ್ಕೂ ಇದೆಯೇ?

ಇದೆ. ಹೆಸರು ಒನಗದೊರಿ, ಜಪಾನಿ ಭಾಷೆಯಲ್ಲಿ ‘ಉದ್ದ ಬಾಲದ ಹಕ್ಕಿ’ ಎಂದರ್ಥ. ಊರು ಕೋಚಿ. ಕೇರಳದ ಕೊಚ್ಚಿಯಲ್ಲ, ಜಪಾನಿನ ಶಿಕೋಕು ದ್ವೀಪದ್ದು. 1952ರಲ್ಲಿ ಜಪಾನ್ ಈ ತಳಿಯನ್ನು ವಿಶೇಷ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. 1972ರಲ್ಲಿ ಅಲ್ಲಿನ ಒಂದು ಹುಂಜದ ಗರಿ 10.6 ಮೀಟರ್, ಅಂದರೆ ಸುಮಾರು 35 ಅಡಿ ಇತ್ತೆಂದು ದಾಖಲಾಗಿದೆ.

ಬಾಲ ಅಷ್ಟು ಬೆಳೆಯುವುದು ಹೇಗೆ?

ನಮ್ಮ ನಾಟಿ ಹುಂಜ ವರ್ಷಕ್ಕೊಮ್ಮೆ ಹಳೇ ಗರಿ ಉದುರಿಸುತ್ತದೆ. ಒನಗದೊರಿ ಹುಂಜದ ಬಾಲದ ಕೆಲವು ಗರಿಗಳು ಉದುರುವುದೇ ಇಲ್ಲ, ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತವೆ. ಇದು ವಂಶದಿಂದ ಬರುವ ಗುಣ. ಯಾವ ಎಣ್ಣೆ, ಟಾನಿಕ್‌ನಿಂದಲೂ ಬರುವುದಿಲ್ಲ. ಹೇಂಟೆಗೂ ಇಂಥ ಬಾಲವಿಲ್ಲ.

ಕೊಂಡ ಮರಿಗೂ ಬರುತ್ತದೆಯೇ?

ಬಹುತೇಕ ಇಲ್ಲ. ಜಪಾನಿನ ಹೊರಗೆ ಸಾಮಾನ್ಯವಾಗಿ ಕಾಣುವುದು ಫೀನಿಕ್ಸ್ ತಳಿ. ಜಪಾನಿನ ಉದ್ದ ಬಾಲದ ಕೋಳಿಗಳನ್ನು ಬೇರೆ ತಳಿಗಳೊಂದಿಗೆ ಕೂಡಿಸಿ ಜರ್ಮನಿಯಲ್ಲಿ ಇದನ್ನು ಬೆಳೆಸಿದರು. ಇದರ ಬಾಲ ಚೆಂದವೇ, ಆದರೆ ಗರಿ ಉದುರುತ್ತದೆ. ಹತ್ತು ಮೀಟರ್ ಮುಟ್ಟುವುದಿಲ್ಲ. ಇನ್ನು ಮರಿಯನ್ನು ನೋಡಿ ಮುಂದಿನ ಬಾಲದ ಉದ್ದ ಹೇಳಲಾಗದು.

ನಮ್ಮ ಕಡೆ ಸಾಕಬಹುದೇ?

ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲ್‌ನಂಥ ಒಣ ಬಯಲನ್ನು ನೆನೆಯಿರಿ. ಜಾಲಿ ಮುಳ್ಳು, ಧೂಳಿನ ನಡುವೆ ಕೆದಕಿ ತಿನ್ನುವುದು ನಾಟಿ ಕೋಳಿಗೆ ಸಲೀಸು. ಉದ್ದ ಬಾಲದ್ದನ್ನು ಹಾಗೆ ಬಿಟ್ಟರೆ ಗರಿ ಹರಿದುಹೋಗುತ್ತದೆ. ಜಪಾನಿನಲ್ಲಿ ಇದನ್ನು ಎತ್ತರದ ಕಿರಿದಾದ ಪೆಟ್ಟಿಗೆಯಲ್ಲಿ ಕೋಲಿನ ಮೇಲೆ ಕೂರಿಸಿ, ಹೊರಗೆ ಅಡ್ಡಾಡಿಸುವಾಗ ಬಾಲ ಹಿಡಿದುಕೊಳ್ಳುತ್ತಾರೆ. ಆ ಬಾಲಕ್ಕಾಗಿ ಹಕ್ಕಿ ಕೊಡುವ ಬೆಲೆ, ನೆಲ ಕೆದಕುವ ಸ್ವಾತಂತ್ರ್ಯ.

ಈಗಾಗಲೇ ಫೀನಿಕ್ಸ್ ಸಾಕಿದ್ದರೆ:

- ಬಾಲ ನೆಲಕ್ಕೆ ತಾಗದಷ್ಟು ಎತ್ತರದ ಕೋಲು, ಒಣ ನೆಲ, ನೆರಳು, ತಂಪು ನೀರು ಇರಲಿ.
- ಹೊಸ ಗರಿ ಬರುವಾಗ ಪ್ರೋಟೀನ್ ಹೆಚ್ಚಿರುವ ಆಹಾರ ಕೊಡಿ.
- ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತವಿರುತ್ತದೆ; ಎಳೆಯಬೇಡಿ.
- ಕೊಕ್ಕರೆ ರೋಗದ ಲಸಿಕೆಗೆ ಪಶುವೈದ್ಯರನ್ನು ಕೇಳಿ.

ನಮ್ಮ ತೀರ್ಮಾನ: ಇಂಥ ಹುಂಜ ನಿಜ. ‘ಯಾರು ಸಾಕಿದರೂ ಹತ್ತು ಮೀಟರ್ ಬಾಲ’ ಎಂಬುದು ಸುಳ್ಳು. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನೂ ಸೇರಿಸಿ ಕಳಿಸಿ.