ಗಂಜಾಂನ ದೊಡ್ಡ ಸ್ವಾಮಿಯವರು ಮತ್ತು ಬಿಟ್ಟುಹೋದ ಒಂದು ಹೆಸರು

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ಪ್ರತಿ ವರ್ಷವೂ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವುದು ನನ್ನ ಪದ್ಧತಿಯಾಗಿತ್ತು. ಕೋಟೆ, ರಂಗನಾಥಸ್ವಾಮಿ ದೇವಾಲಯ, ದರಿಯಾ ದೌಲತ್, ಗುಂಬಜ್ ಎಲ್ಲವನ್ನೂ ನೋಡಿದ ಮೇಲೆ ಗಂಜಾಂನ ಹಳೆಯ ಚರ್ಚಿನ ಮುಂದೆ ಬಸ್ಸು ನಿಲ್ಲಿಸಿ ಹತ್ತು ನಿಮಿಷ ಮಾತನಾಡುತ್ತಿದ್ದೆ. ಹಸಿದ ಮಕ್ಕಳ ಗಮನವೆಲ್ಲ ಚಿತ್ರಾನ್ನದ ಡಬ್ಬಿಗಳ ಮೇಲಿರುತ್ತಿತ್ತು. ಆದರೂ ನಿಮ್ಮಲ್ಲಿ ಕೆಲವರಿಗಾದರೂ ನನ್ನ ಮಾತು ನೆನಪಿರಬಹುದು: “ಈ ಪಾದ್ರಿ ತಾನು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದ, ನೀವೂ ಹಾಗೆಯೇ ಬರೆಯಿರಿ.” ಈ ಮಾತಿನ ಮೊದಲರ್ಧ ತಪ್ಪು. ಅದನ್ನು ತಿದ್ದುವ ಸಲುವಾಗಿಯೇ ಈ ಲೇಖನ.

ಪಾದ್ರಿಯ ಹೆಸರು ಜಾನ್ ಆಂಟ್ವಾನ್ ದ್ಯುಬುವಾ. (ತರಗತಿಯಲ್ಲಿ ನಾನು ‘ಡುಬಾಯಿಸ್’ ಎನ್ನುತ್ತಿದ್ದೆ, ಅದನ್ನೂ ಕ್ಷಮಿಸಿ.) 1766ರಲ್ಲಿ ಫ್ರಾನ್ಸಿನಲ್ಲಿ ಜನಿಸಿ, 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟವರು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಂದುಗೂಡಿಸಲು ಮೈಸೂರು ಸೀಮೆಗೆ ಬಂದರು. ಫ್ರೆಂಚರಿಗೂ ಆಂಗ್ಲರಿಗೂ ಬದ್ಧವೈರವಿದ್ದ ಕಾಲವದು. ಹೈದರ್, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದಲೇ ನಮ್ಮ ಪಾಂಡವಪುರಕ್ಕೆ ಬಹುಕಾಲ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು. ಅಂತಹ ನೆರೆಯಲ್ಲಿ ಫ್ರೆಂಚನೊಬ್ಬ ಆಂಗ್ಲರ ವಿಶ್ವಾಸವನ್ನೂ ಊರವರ ಪ್ರೀತಿಯನ್ನೂ ಗಳಿಸಿದ್ದು ಸಾಮಾನ್ಯ ಸಂಗತಿಯಲ್ಲ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ವಿರುದ್ಧ ದೇವಿ ಹಾಕಿಸಿಕೊಳ್ಳುವಂತೆ ಅವರು ಜನರ ಮನವೊಲಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು.

ಬರೆಯುವವರು ಅವರಿಂದ ಕಲಿಯಬೇಕಾದದ್ದು ನಿಜಕ್ಕೂ ಬಹಳವಿದೆ. ಥಾಮಸ್ ಹಿಕಿ ಎಂಬ ಕಲಾವಿದ ಬರೆದ ಅವರ ಚಿತ್ರದಲ್ಲಿ ತಲೆಗೆ ಪೇಟ, ಮೈಮೇಲೆ ಬಿಳಿಯ ನಿಲುವಂಗಿ, ಕೈಯಲ್ಲಿ ಕೋಲು. ಇದು ವೇಷವಾಗಿರಲಿಲ್ಲ, ಅವರ ಬದುಕೇ ಆಗಿತ್ತು. ಸ್ಥಳೀಯರ ಉಡುಪು, ನಡೆನುಡಿ, ಮಡಿಮೈಲಿಗೆಯ ಎಚ್ಚರಗಳನ್ನು ಕೂಡ ಒಪ್ಪಿಕೊಂಡು ಮೂವತ್ತು ವರ್ಷ ಬಾಳಿದರು. ಈ ಬಾಳಿನ ಫಲವೇ ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಅವರ ಬೃಹದ್ಗ್ರಂಥ. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಹಸ್ತಪ್ರತಿಯನ್ನು ಮೆಚ್ಚಿ ಮದರಾಸಿಗೆ ಕಳುಹಿಸಿದರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು 2000 ಸ್ಟಾರ್ ಪಗೋಡಗಳಿಗೆ ಕೊಂಡಿತು. ಹಣ ಬಂತೆಂದು ದ್ಯುಬುವಾ ಸುಮ್ಮನಾಗಲಿಲ್ಲ. ಹಸ್ತಪ್ರತಿಯನ್ನು ಮರಳಿ ತರಿಸಿಕೊಂಡು ತಿದ್ದಿದರು, ಸೇರಿಸಿದರು. ಅಷ್ಟರಲ್ಲಿ ಹಳೆಯ ಪ್ರತಿ ಲಂಡನ್ನಿಗೆ ಹೋಗಿತ್ತಾಗಿ, 1816ರಲ್ಲಿ ತಿದ್ದದ ಪಠ್ಯವೇ ಇಂಗ್ಲಿಷಿನಲ್ಲಿ ಅಚ್ಚಾಯಿತು! ಪರಿಷ್ಕೃತ ಗ್ರಂಥ ಫ್ರೆಂಚಿನಲ್ಲಿ 1825ರಲ್ಲಿ ಬಂದಿತು. ಹೆನ್ರಿ ಬೋಷಾಂ ಮಾಡಿದ ಇಂಗ್ಲಿಷ್ ಅನುವಾದ 1897ರಲ್ಲಿ ಮ್ಯಾಕ್ಸ್ ಮುಲ್ಲರ್ ಅವರ ಮುನ್ನುಡಿಯೊಂದಿಗೆ ಹೊರಬಂದು ಜಗತ್ಪ್ರಸಿದ್ಧವಾಯಿತು.

ಅದರಲ್ಲಿರುವುದೆಲ್ಲ ನನಗೆ ಒಪ್ಪಿಗೆಯೆಂದಲ್ಲ. ಬ್ರಾಹ್ಮಣರ ಬಗ್ಗೆ ಅವರ ಕಹಿ ಅತಿಯಾದದ್ದು. ಜಾತಿಪದ್ಧತಿಯನ್ನು ಹೊಗಳುವ ಪುಟಗಳಂತೂ ಇನ್ನೂ ಕಷ್ಟ. ಆದರೆ 1823ರಲ್ಲಿ, ಭಾರತವನ್ನು ಬಿಟ್ಟ ವರ್ಷವೇ, ಅವರು ಪ್ರಕಟಿಸಿದ ಪತ್ರಗಳ ಪುಸ್ತಕವೊಂದಿದೆ. ಹಿಂದೂಗಳ ಮತಾಂತರ ಅಸಾಧ್ಯವೆಂದೂ, ತಮ್ಮ ಪ್ರಚಾರಕಾರ್ಯ ವಿಫಲವಾಯಿತೆಂದೂ ಆ ಪ್ರಚಾರಕ ಅದರಲ್ಲಿ ಒಪ್ಪಿಕೊಂಡರು. ಸ್ವಂತ ಜೀವಮಾನದ ಕಾರ್ಯ ಸೋತಿತೆಂದು ಅಚ್ಚಿನಲ್ಲಿ ಹೇಳುವ ಧೈರ್ಯ ಎಷ್ಟು ಜನಕ್ಕೆ ಇದ್ದೀತು?

ಇಷ್ಟು ಪ್ರಾಮಾಣಿಕರಾದವರು ಇನ್ನೊಂದೆಡೆ ಮೌನವಾಗಿದ್ದರು ಎಂಬುದೇ ನನ್ನನ್ನು ಕಾಡಿದ ವಿಷಯ. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ, ದ್ಯುಬುವಾ ಗ್ರಂಥದ ಬಹುಪಾಲಿಗೆ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹ ಮೂಲವೆಂದು ತೋರಿಸಿಕೊಟ್ಟರು. ಗಾಸ್ತೋನ್ ಲೊರಾನ್ ಕೂರ್ದೂ 1779ರಲ್ಲಿ ತೀರಿಕೊಂಡವರು. ಅವರ ಬರಹವನ್ನು ದೆವೋ ಎಂಬ ಸೇನಾಧಿಕಾರಿ 1777ರಲ್ಲಿ ತಿದ್ದಿ ಜೋಡಿಸಿದ್ದ ಪ್ರತಿ ಹೇಗೋ ಉಳಿದುಬಂದಿತ್ತು. ದ್ಯುಬುವಾ ಮುನ್ನುಡಿಯಲ್ಲಿ, ಆಕಸ್ಮಿಕವಾಗಿ ಕೈಗೆ ಸಿಕ್ಕ ಬಿಡಿ ದಾಖಲೆಗಳನ್ನೂ ಬಳಸಿದ್ದೇನೆ ಎಂಬರ್ಥದ ಮಾತೊಂದನ್ನು ಹೇಳಿ, ಹೆಚ್ಚಿನದೆಲ್ಲ ತನ್ನದೇ ಶೋಧನೆಯೆಂದು ಮುಂದೆ ಹೋಗಿಬಿಡುತ್ತಾರೆ. ಬರೆದವನ ಹೆಸರು ಮಾತ್ರ ಇಲ್ಲ.

ಕೂರ್ದೂ ಅವರ ದುರದೃಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಇರುವ ಬಾಂಧವ್ಯವನ್ನು 1786ರಲ್ಲಿ ವಿಲಿಯಂ ಜೋನ್ಸ್ ಸಾರಿದರೆಂದು ನಾವೆಲ್ಲ ಓದಿದ್ದೇವೆ, ಬೋಧಿಸಿದ್ದೇವೆ. ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ ಕೂರ್ದೂ ಅದನ್ನು ಬರೆದು ಪ್ಯಾರಿಸ್ಸಿನ ವಿದ್ವಾಂಸರಿಗೆ ಕಳುಹಿಸಿದ್ದರು. ಅದು ಅಚ್ಚಾದದ್ದು 1808ರಲ್ಲಿ.

ಈ ಸಂಗತಿ ತಿಳಿದ ದಿನ ನನಗೆ ದ್ಯುಬುವಾ ಮೇಲೆ ಕೋಪ ಬಂದದ್ದು ನಿಜ. ಆದರೆ ಆ ಕೋಪ ಬಹಳ ಹೊತ್ತು ನಿಲ್ಲಲಿಲ್ಲ, ಏಕೆಂದರೆ ನನ್ನ ಕಪಾಟಿನಲ್ಲೂ ಅಂತಹದೊಂದು ಪತ್ರವಿದೆ. ಸೇವೆಗೆ ಸೇರಿದ ಹೊಸತರಲ್ಲಿ ಶಾಲೆಯ ವಾರ್ಷಿಕ ಸಂಚಿಕೆಗೆ ಕೃಷ್ಣರಾಜಪೇಟೆ ಸೀಮೆಯ ಕೆರೆಗಳನ್ನು ಕುರಿತು ಲೇಖನ ಬರೆದಿದ್ದೆ. ತೂಬನ್ನು ಯಾವಾಗ ಎಷ್ಟು ಎತ್ತಬೇಕು, ಯಾವ ಗದ್ದೆಗೆ ಮೊದಲ ಸರದಿ, ಮಳೆ ಕೈಕೊಟ್ಟ ವರ್ಷ ನೀರನ್ನು ಹೇಗೆ ಹಂಚಿಕೊಳ್ಳುತ್ತಿದ್ದರು ಎಂಬುದನ್ನೆಲ್ಲ ನನಗೆ ಹೇಳಿದವರು ಒಬ್ಬ ವೃದ್ಧ ನೀರಗಂಟಿ. ಏರಿಯ ಮೇಲೆ ಎರಡು ಸಂಜೆ ನನ್ನ ಜೊತೆ ಕುಳಿತಿದ್ದರು. ನಾನು ಕೊಟ್ಟ ಬೀಡಿಯನ್ನು ಮಾತ್ರ ಸ್ವೀಕರಿಸಿದ್ದರು. ಲೇಖನವನ್ನು ಎಲ್ಲರೂ ಮೆಚ್ಚಿದರು, ಮುಖ್ಯೋಪಾಧ್ಯಾಯರು ಪ್ರಾರ್ಥನಾ ಸಭೆಯಲ್ಲಿ ಓದಿಸಿದರು. ಅದರಲ್ಲಿ ಆ ಮನುಷ್ಯನಿಗೆ ಸಂದದ್ದು “ಹಿರಿಯರು ಹೇಳುವಂತೆ” ಎಂಬ ಎರಡೇ ಪದ. ನಾನು ಹೆಸರು ಕೇಳಿಯೇ ಇರಲಿಲ್ಲ.

ನಾಗಮಂಗಲದ ಕಂಚುಗಾರರ ಮನೆಗಳಿಗೆ ಹೋಗಿ ನೀವು ಬರೆದು ತರುತ್ತಿದ್ದ ಟಿಪ್ಪಣಿಗಳಲ್ಲಿ, ಎರಕ ಹೊಯ್ಯುವ ಕ್ರಮಕ್ಕೆ ಅಂಕ ಕೊಟ್ಟೆನೇ ಹೊರತು, ಹೇಳಿಕೊಟ್ಟವರ ಹೆಸರು ಬರೆದಿದ್ದೀರಾ ಎಂದು ನಾನು ಒಮ್ಮೆಯೂ ನೋಡಲಿಲ್ಲ. ಆ ಪುಸ್ತಕಗಳು ಯಾರ ಬಳಿಯಾದರೂ ಉಳಿದಿದ್ದರೆ, ನೆನಪಿದ್ದಷ್ಟು ಹೆಸರುಗಳನ್ನು ಅಂಚಿನಲ್ಲಿ ಈಗಲಾದರೂ ಬರೆದಿಡಿ. ನಾನು ಮೊನ್ನೆ ವಾರ್ಷಿಕ ಸಂಚಿಕೆಯನ್ನು ತೆಗೆದು “ಹಿರಿಯರು” ಎಂಬ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ “ನೀರಗಂಟಿ” ಎಂದು ಬರೆದೆ. ಕೆರೆಯ ಆಸುಪಾಸಿನಿಂದ ಶಾಲೆಗೆ ಬರುತ್ತಿದ್ದವರು ನಾಲ್ಕೈದು ಮಂದಿ ಇದ್ದಿರಿ. ಎಡಗಣ್ಣಿನಲ್ಲಿ ಪೊರೆ ಬಂದಿದ್ದ, ಕೆಂಪು ವಸ್ತ್ರ ಸುತ್ತುತ್ತಿದ್ದ ಆ ಹಿರಿಯರ ಹೆಸರು ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯಮಾಡಿ ತಿಳಿಸಿ. ಅದನ್ನು ಬರೆಯಲು ಜಾಗ ಬಿಟ್ಟಿದ್ದೇನೆ.