ಇಂಗ್ಲೆಂಡಿನ ಸಾಮಾಜಿಕ ಆರೈಕೆ: ಹಂಗಾಮಿ ಸಿಬ್ಬಂದಿ ನೇಮಕದ ಹೊರಗುತ್ತಿಗೆ

ವೃದ್ಧರು, ಅಂಗವಿಕಲರು ಮತ್ತು ಅಪಾಯದಲ್ಲಿರುವ ಮಕ್ಕಳ ಆರೈಕೆಗೆ ಬೇಕಾದ ಹಂಗಾಮಿ ಸಿಬ್ಬಂದಿಯನ್ನು ಏಜೆನ್ಸಿಗಳಿಂದ ಹುಡುಕಿ ತರುವ ಹೊಣೆಯನ್ನು ಇಂಗ್ಲೆಂಡಿನ ಕೌನ್ಸಿಲ್‌ಗಳು ಖಾಸಗಿ ಕಂಪನಿಗೆ ಒಪ್ಪಿಸುವ ಪದ್ಧತಿ. ಇಲ್ಲಿ ಗುತ್ತಿಗೆ ಎರಡು ಸುತ್ತಿನದು: ಕೆಲಸಗಾರರನ್ನು ಕಳಿಸುವುದು ಏಜೆನ್ಸಿ, ಏಜೆನ್ಸಿಗಳನ್ನು ನಿಭಾಯಿಸುವುದು ಇನ್ನೊಬ್ಬ ಮಧ್ಯವರ್ತಿ.

1970ರ ಕಾಯ್ದೆಯಿಂದ ಕೌನ್ಸಿಲ್‌ಗಳಲ್ಲಿ ಸಮಾಜ ಸೇವಾ ಇಲಾಖೆಗಳು ಹುಟ್ಟಿಕೊಂಡಾಗ ಆರೈಕೆಯ ಕೆಲಸದವರಲ್ಲಿ ಬಹುಪಾಲು ಕೌನ್ಸಿಲ್‌ನ ಸಂಬಳದ ನೌಕರರೇ. ಗಾಳಿ ಬದಲಾದದ್ದು 1988ರಲ್ಲಿ ಸರ್ ರಾಯ್ ಗ್ರಿಫಿತ್ಸ್ ಈ ಆರೈಕೆಯ ಬಗ್ಗೆ ಕೊಟ್ಟ ವರದಿಯಿಂದ. ಅವರು ಸೈನ್ಸ್‌ಬರೀಸ್ ಸೂಪರ್‌ಮಾರ್ಕೆಟ್‌ನ ಆಡಳಿತದಲ್ಲಿ ಪಳಗಿದವರು. ವರದಿಯಲ್ಲೂ ಆ ವ್ಯಾಪಾರದ ವಾಸನೆಯಿದೆ. ಅದನ್ನು ಆಧರಿಸಿದ 1990ರ ಕಾಯ್ದೆ 1993ರ ಏಪ್ರಿಲ್‌ನಲ್ಲಿ ಪೂರ್ತಿಯಾಗಿ ಜಾರಿಯಾಯಿತು. ಕೇಂದ್ರ ಸರ್ಕಾರದಿಂದ ವರ್ಗವಾದ ಹಣದಲ್ಲಿ ಶೇ. 85ರಷ್ಟನ್ನು ಕೌನ್ಸಿಲ್‌ಗಳು ಹೊರಗಿನ ಸಂಸ್ಥೆಗಳಿಗೇ ಕೊಡಬೇಕೆಂಬ ಷರತ್ತೂ ಬಂತು. ಸೇವೆ ಕೊಡುತ್ತಿದ್ದ ಇಲಾಖೆ ಸೇವೆ ಕೊಳ್ಳುವ ಇಲಾಖೆಯಾಯಿತು. ಅದೇ ಹೊತ್ತಿಗೆ, 1973ರ ಕಾಯ್ದೆಯಡಿ ಉದ್ಯೋಗ ಏಜೆನ್ಸಿಗಳು ಪಡೆಯಬೇಕಿದ್ದ ಪರವಾನಗಿಯನ್ನೂ ಕೈಬಿಡಲಾಯಿತು.

ಆರಂಭದಲ್ಲಿ ಹಂಗಾಮಿ ಸಿಬ್ಬಂದಿ ಬೇಕಾದಾಗ ತಂಡದ ಮ್ಯಾನೇಜರ್ ಪರಿಚಿತ ಏಜೆನ್ಸಿಗೆ ನೇರವಾಗಿ ಫೋನ್ ಮಾಡಿ ಜನರನ್ನು ತರಿಸಿಕೊಳ್ಳುತ್ತಿದ್ದರು. ಒಂದೇ ಕೌನ್ಸಿಲ್‌ನೊಳಗೆ ಒಂದೇ ಕೆಲಸಕ್ಕೆ ಹತ್ತಾರು ದರ. 2004ರ ಗೆರ್ಶನ್ ವರದಿ ಸರ್ಕಾರಿ ಖರೀದಿಯಲ್ಲಿ ಉಳಿತಾಯಕ್ಕೆ ಪಟ್ಟು ಹಿಡಿದ ಮೇಲೆ ಈ ವ್ಯವಹಾರ ಖರೀದಿ ವಿಭಾಗದ ಮೇಜಿಗೆ ಬಂತು. ಏಜೆನ್ಸಿಗಳನ್ನು ನಿಭಾಯಿಸುವ ಮಧ್ಯವರ್ತಿಯ (ವೆಂಡರ್) ಹೊರಗುತ್ತಿಗೆಯಲ್ಲಿ ಎರಡು ಮಾದರಿಗಳು ನೆಲೆಯೂರಿದವು. ಮಾಸ್ಟರ್ ವೆಂಡರ್ ಮೊದಲು ತನ್ನದೇ ಜನರನ್ನು ಕಳಿಸಿ, ಸಾಲದಿದ್ದರೆ ಬೇರೆ ಏಜೆನ್ಸಿಗಳನ್ನು ಕರೆಯುತ್ತದೆ. ನ್ಯೂಟ್ರಲ್ ವೆಂಡರ್ ಸ್ವಂತ ಜನರನ್ನು ಕಳಿಸದೆ ಏಜೆನ್ಸಿಗಳ ನಡುವೆ ಪೈಪೋಟಿ ನಡೆಸುತ್ತದೆ.

ಆರೈಕೆ ಕೇಂದ್ರದಲ್ಲಿ ರಾತ್ರಿ ಪಾಳಿಯವರೊಬ್ಬರು ರಜೆ ಹಾಕಿದರು ಎನ್ನಿ. ಮ್ಯಾನೇಜರ್ ವೆಂಡರ್‌ನ ತಂತ್ರಾಂಶದಲ್ಲಿ ಬೇಡಿಕೆ ನಮೂದಿಸುತ್ತಾರೆ. ಅದು ಮೊದಲ ಹಂತದ ಏಜೆನ್ಸಿಗಳಿಗೆ, ಅಲ್ಲಿ ಯಾರೂ ಸಿಗದಿದ್ದರೆ ಎರಡನೇ ಹಂತಕ್ಕೆ ಹೋಗುತ್ತದೆ. ಪೊಲೀಸ್ ದಾಖಲೆಯ ತಪಾಸಣೆ, ತರಬೇತಿ ಪ್ರಮಾಣಪತ್ರಗಳು ಸರಿಯಿದ್ದವರೇ ಬರಬೇಕು. ಪಾಳಿ ಮುಗಿದ ಮೇಲೆ ಟೈಮ್‌ಶೀಟ್‌ಗೆ ಒಪ್ಪಿಗೆ ಬೀಳುತ್ತದೆ. ಬಿಲ್ಲಿನ ಪ್ರತಿ ಗಂಟೆಯಲ್ಲೂ ಮಧ್ಯವರ್ತಿಗೆ ಒಂದು ಪಾಲು. ಲೆಕ್ಕ ಚೊಕ್ಕಟವಾಯಿತು, ನಿಜ. ಆದರೆ ಕಳೆದ ತಿಂಗಳು ಬಂದು ಎಲ್ಲರ ಮೆಚ್ಚುಗೆ ಗಳಿಸಿದವರನ್ನೇ ಮತ್ತೆ ಕರೆಸುವ ಸ್ವಾತಂತ್ರ್ಯ ಮ್ಯಾನೇಜರ್‌ಗೆ ಕಡಿಮೆಯಾಯಿತು.

ದರಕ್ಕೆ ಕಡಿವಾಣ ಬಿದ್ದರೂ ಜನರ ಕೊರತೆ ನೀಗಲಿಲ್ಲ. ಲಂಡನ್ನಿನ ಹ್ಯಾರಿಂಗೇಯಲ್ಲಿ 2007ರಲ್ಲಿ ನಡೆದ ಶಿಶುವಿನ ಸಾವಿನ ಪ್ರಕರಣ ಮರುವರ್ಷ ದೇಶವನ್ನೇ ಕಲಕಿದ ಬಳಿಕ ಮಕ್ಕಳ ರಕ್ಷಣೆಯ ಕೆಲಸಕ್ಕೆ ಬರುವವರೇ ಕಡಿಮೆಯಾದರು. 2011ರ ಅಕ್ಟೋಬರ್‌ನಿಂದ, ಒಂದೇ ಕಡೆ ಒಂದೇ ಕೆಲಸದಲ್ಲಿ 12 ವಾರ ದುಡಿದ ಏಜೆನ್ಸಿ ಕೆಲಸಗಾರರಿಗೆ ಕಾಯಂ ನೌಕರರಿಗೆ ಸಮನಾದ ವೇತನದ ಹಕ್ಕು ಬಂತು. 2020ರ ಕೋವಿಡ್ ಇನ್ನೊಂದು ಮುಖ ತೋರಿಸಿತು: ಏಜೆನ್ಸಿಯವರನ್ನು ಹೆಚ್ಚಾಗಿ ನೆಚ್ಚಿಕೊಂಡ ಕೇಂದ್ರಗಳಲ್ಲಿ ಸೋಂಕು ಹೆಚ್ಚೆಂದು ಅಧ್ಯಯನ ಹೇಳಿತು; ಸಿಬ್ಬಂದಿ ಕೇಂದ್ರದಿಂದ ಕೇಂದ್ರಕ್ಕೆ ಅಲೆಯುವುದನ್ನು ತಡೆಯಲು ಸರ್ಕಾರ ಹಣ ಸುರಿಯಬೇಕಾಯಿತು.

2023ರ ಹೊತ್ತಿಗೆ ಮಕ್ಕಳ ವಿಭಾಗದ ಸಮಾಜ ಕಾರ್ಯಕರ್ತರಲ್ಲಿ ಸುಮಾರು ಶೇ. 18ರಷ್ಟು ಏಜೆನ್ಸಿಯವರು. ಕೆಲವು ಏಜೆನ್ಸಿಗಳು ಮ್ಯಾನೇಜರ್ ಸಮೇತ ಇಡೀ ತಂಡವನ್ನೇ ಬಾಡಿಗೆಗೆ ಕೊಡತೊಡಗಿದ್ದವು. 2024ರ ಅಕ್ಟೋಬರ್ 31ರಂದು ಜಾರಿಗೆ ಬಂದ ಸರ್ಕಾರಿ ಮಾರ್ಗಸೂಚಿ ಇದಕ್ಕೆ ಮೂಗುದಾರ ಹಾಕಿತು: ಕಾಯಂ ಹುದ್ದೆ ಬಿಟ್ಟವರನ್ನು ಅದೇ ಪ್ರಾಂತದಲ್ಲಿ 3 ತಿಂಗಳು ಏಜೆನ್ಸಿ ಮೂಲಕ ಸೇರಿಸಿಕೊಳ್ಳುವಂತಿಲ್ಲ, ಏಜೆನ್ಸಿಯಿಂದ ಬರುವವರಿಗೆ ನೇರ ನೌಕರಿಯಲ್ಲಿ 3 ವರ್ಷದ ಅನುಭವ ಇರಬೇಕು. ವೃದ್ಧರ ಆರೈಕೆ ಕೇಂದ್ರಗಳ ಹಂಗಾಮಿ ಸಿಬ್ಬಂದಿ ಈ ಮಾರ್ಗಸೂಚಿಯ ವ್ಯಾಪ್ತಿಗೆ ಬರುವುದಿಲ್ಲ.