ಕುತುಬ್ ಮಿನಾರು

ದಿಲ್ಲಿಯ ದಕ್ಷಿಣಕ್ಕೆ ಮೆಹ್ರೌಲಿಯಲ್ಲಿ ನಿಂತಿರುವ ಕುತುಬ್ ಮಿನಾರನ್ನು ಒಬ್ಬ ಅರಸನ ಕೀರ್ತಿಸ್ತಂಭವೆಂದು ಜನರು ಸಾಮಾನ್ಯವಾಗಿ ಭಾವಿಸುವುದುಂಟು. ಅದರ ಶಾಸನಗಳನ್ನು ಪರಿಶೀಲಿಸಿದವರಿಗಾದರೋ, ಅದು ಆರು ಶತಮಾನಗಳಿಗೂ ಮಿಕ್ಕ ಕಾಲದಲ್ಲಿ ಅನೇಕರ ಕೈಯಿಂದ ರೂಪುಗೊಂಡು ಉಳಿದು ಬಂದುದೆಂಬುದು ವಿದಿತವಾಗುತ್ತದೆ.

ಮಹಮ್ಮದ್ ಘೋರಿಯ ದಂಡನಾಯಕನಾದ ಕುತುಬುದ್ದೀನ್ ಐಬಕನು ತಾನು ಕಟ್ಟಿಸಿದ ಮಸೀದಿಯ ಬಳಿಯಲ್ಲಿ 1199ರ ಸುಮಾರಿಗೆ ಇದಕ್ಕೆ ಅಸ್ತಿಭಾರವನ್ನು ಹಾಕಿಸಿದನು. ಆ ಮಸೀದಿಗೆ 27 ದೇವಾಲಯಗಳ ಸಾಮಗ್ರಿಯನ್ನು ಬಳಸಿದುದಾಗಿ ಅದರ ಪೂರ್ವದ್ವಾರದ ಶಾಸನವೇ ಸಾರುತ್ತದೆ. ಪ್ರಾಕಾರದ ಕಂಬಗಳಲ್ಲಿ ಕೆತ್ತಿರುವ ಗಂಟೆ ಸರಪಳಿಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿವೆ. ಐಬಕನ ಕಾಲದಲ್ಲಿ ಮಿನಾರಿನ ಮೊದಲನೆಯ ಅಂತಸ್ತು ಮಾತ್ರ ಎದ್ದಿತು. ಅವನ ಅಳಿಯನಾದ ಇಲ್ತುತ್ಮಿಷನು ಅದರ ಮೇಲೆ ಮೂರು ಅಂತಸ್ತುಗಳನ್ನು ಏರಿಸಿದನು.

ಬುಡದಲ್ಲಿ ಸುಮಾರು 47 ಅಡಿ ಅಡ್ಡಳತೆಯುಳ್ಳ ಈ ಸ್ತಂಭವು ಮೇಲೇರಿದಂತೆ ಕಿರಿದಾಗುತ್ತ, 238 ಅಡಿಗಳೆತ್ತರದಲ್ಲಿ ಕೇವಲ 9 ಅಡಿಯಷ್ಟಾಗುತ್ತದೆ. ಒಳಗೆ ಸುತ್ತಿಕೊಂಡು ಏರುವ 379 ಮೆಟ್ಟಿಲುಗಳಿವೆ. ಮೊದಲನೆಯ ಅಂತಸ್ತಿನ ಹೊರಮೈಯಲ್ಲಿ ದುಂಡಾದ ಏಣೊಂದು, ಕೋನಾಕಾರದ ಏಣೊಂದು ಸರದಿಯಾಗಿ ಬಂದಿವೆ. ಎರಡನೆಯದರಲ್ಲಿ ದುಂಡಾದವು ಮಾತ್ರ, ಮೂರನೆಯದರಲ್ಲಿ ಕೋನಾಕಾರದವು ಮಾತ್ರ. ಮೊಗಸಾಲೆಗಳನ್ನು ಹೊತ್ತ ಚಾಚುಗಲ್ಲುಗಳನ್ನು ಜೇನುಹಟ್ಟಿಯಂತೆ ಕೊರೆಯಲಾಗಿದೆ. ಕೆಂಪು ಮರಳುಗಲ್ಲಿನ ಮೇಲೆ ಪಟ್ಟಿಕೆಗಳಾಗಿ ಹರಿದಿರುವ ಅರಬ್ಬೀ ಅಕ್ಷರಗಳು ಲಿಪಿಯೂ ಹೌದು, ಅಲಂಕಾರವೂ ಹೌದು.

1368ರ ಸುಮಾರಿಗೆ ಸಿಡಿಲು ಬಡಿದು ನೆತ್ತಿಯು ಹಾಳಾಯಿತು. ಫಿರೋಜ್ ಷಾ ತುಘಲಕನು ಅದನ್ನು ದುರಸ್ತಿಗೊಳಿಸಿ, ಒಂದು ಅಂತಸ್ತಿದ್ದಲ್ಲಿ ಬಿಳಿಯ ಅಮೃತಶಿಲೆಯನ್ನು ಹೆಚ್ಚಾಗಿ ಬಳಸಿ ಎರಡನ್ನು ಕಟ್ಟಿಸಿದನು. ಈ ಕಾರ್ಯವನ್ನು ಕುರಿತು ನಾಗರೀಲಿಪಿಯ ಶಾಸನವೊಂದು ಅಲ್ಲಿದೆ. ವಿಶ್ವಕರ್ಮನ ಪ್ರಸಾದದಿಂದ ಇದು ರಚಿತವಾಯಿತೆಂದು ಅದರಲ್ಲಿ ಶಿಲ್ಪಿಗಳು ನಿವೇದಿಸಿಕೊಂಡಿದ್ದಾರೆ. ಸುಲ್ತಾನರ ಬಿರುದುಗಳನ್ನು ಹೊತ್ತ ಅದೇ ಕಲ್ಲುಗೋಡೆಯಲ್ಲಿ, ಉಳಿ ಹಿಡಿದವರು ತಮ್ಮ ಕುಲದೈವವನ್ನು ಸ್ಮರಿಸಲು ಎಡೆ ದೊರೆತುದು ಚಿಂತನೀಯವಾದ ಸಂಗತಿ.

ಮುಂದೆ 1503ರಲ್ಲಿ ಸಿಕಂದರ್ ಲೋದಿಯು ಜೀರ್ಣೋದ್ಧಾರ ಮಾಡಿಸಿದನು. 1803ರ ಭೂಕಂಪದಿಂದ ಮತ್ತೆ ಹಾನಿಯಾಗಲು, ರಾಬರ್ಟ್ ಸ್ಮಿತ್ ಎಂಬ ಇಂಗ್ಲಿಷ್ ಸೇನಾಧಿಕಾರಿಯು 1828ರಲ್ಲಿ ಅದನ್ನು ಸರಿಪಡಿಸಿ, ತುದಿಯಲ್ಲಿ ಮಂಟಪವೊಂದನ್ನು ನಿಲ್ಲಿಸಿದನು. ಮಿನಾರಿಗೆ ಒಪ್ಪದ ಆ ಮಂಟಪವನ್ನು 1848ರಲ್ಲಿ ಕೆಳಗಿಳಿಸಲಾಯಿತು. ಅದನ್ನು ಇಂದಿಗೂ ಕೆಳಗಿನ ಹುಲ್ಲುಹಾಸಿನ ಮೇಲೆ ಕಾಣಬಹುದು.

ಅದೇ ಆವರಣದಲ್ಲಿ ಅಲಾವುದ್ದೀನ್ ಖಿಲ್ಜಿಯು ಇದಕ್ಕೆ ಇಮ್ಮಡಿ ಎತ್ತರದ ಮಿನಾರೊಂದನ್ನು ಆರಂಭಿಸಿದ್ದನು. 1316ರಲ್ಲಿ ಅವನು ತೀರಿಕೊಂಡ ಬಳಿಕ ಅದನ್ನು ಕೈಗೆತ್ತಿಕೊಳ್ಳುವವರಿಲ್ಲದೆ, 80 ಅಡಿಗಳಷ್ಟು ಎತ್ತರದ ಒರಟು ಕಲ್ಲಿನ ಮೊಂಡಾಗಿ ಉಳಿಯಿತು. ಕುತುಬ್ ಮಿನಾರಿಗೆ ಒದಗಿದ ಭಾಗ್ಯ ಅದಕ್ಕೆ ಒದಗಲಿಲ್ಲ. ಕಟ್ಟಡವೊಂದು ಬಾಳುವುದು ಕಟ್ಟಿಸಿದವನ ಹೆಬ್ಬಯಕೆಯಿಂದಲ್ಲ, ಅವನ ತರುವಾಯ ಬಂದವರ ಆರೈಕೆಯಿಂದ ಎಂಬುದನ್ನು ನೆರೆಹೊರೆಯ ಈ ಎರಡು ಸ್ತಂಭಗಳು ಸ್ಪಷ್ಟಪಡಿಸುತ್ತವೆ.